ಪಕ್ಕದ ಮನೆಯವನ ಕೋವಿ

ಆಗ ನನಗೆ ಅರವತ್ತೊಂಬತ್ತು. ಅದಾಗಿ ಎಂಟು ವರ್ಷ ಕಳೆಯಿತು. ಪಕ್ಕದ ಮನೆಯವನ ಬಲಗೈ ಹೆಬ್ಬೆರಳು ತೋರುಬೆರಳನ್ನು ಉಜ್ಜುತ್ತಲೇ ಇರುತ್ತಿತ್ತು, ಎಲೆಯೂ ಇಲ್ಲದೆ ಹೊಗೆಸೊಪ್ಪೂ ಇಲ್ಲದೆ ಬೀಡಿ ಕಟ್ಟುವವರ ಹಾಗೆ. ಮಾತಾಡುವಾಗ ಆ ಕೈಯನ್ನು ಜೇಬಿಗೆ ಹಾಕಿಕೊಳ್ಳುತ್ತಿದ್ದ. ಜೇಬಿನೊಳಗೂ ಅದು ನಿಲ್ಲುತ್ತಿರಲಿಲ್ಲ, ಪ್ಯಾಂಟಿನ ಬಟ್ಟೆ ಅಲುಗುತ್ತಿತ್ತು. ನೋಡಿದ್ದೆ. ಕೇಳಿರಲಿಲ್ಲ.

ಅವನು ಮಂಗಳೂರು ಕಡೆಯ ಕ್ರಿಶ್ಚಿಯನ್, ಮನೆಯಲ್ಲಿ ಹೆಂಡತಿಯೊಡನೆ ಕೊಂಕಣಿ. ನಾನು ಕೊಡಗಿನವಳು, ಮೂರನೇ ಕ್ಲಾಸಿಗೆ ಶಾಲೆ ಬಿಟ್ಟವಳು. ಮೆಲ್ಬರ್ನ್‌ನ ಡ್ಯಾಂಡಿನಾಂಗಿನಲ್ಲಿ ಮಗಳ ಮನೆ. ಮೊಮ್ಮಕ್ಕಳಿಗೆ ನನ್ನ ಕನ್ನಡ ಅರ್ಥವಾಗುತ್ತಿತ್ತು, ಉತ್ತರ ಮಾತ್ರ ಇಂಗ್ಲಿಷಿನಲ್ಲಿ. ಬಂದ ಮೊದಲ ವರ್ಷ ನನಗೆ ಮನುಷ್ಯರ ಮಾತು ಕೇಳಿಸಿದ್ದು ಬೇಲಿಯ ಆಚೆಯಿಂದಲೇ. "ಎಂತ ಆಂಟಿ, ಊಟ ಆಯ್ತಾ?" ಸರ್ಕಾರದ ಕಾಗದ ಬಂದರೆ ಅವನೇ ಓದಿ ಹೇಳುತ್ತಿದ್ದ. ಡಾಕ್ಟರ ಹತ್ತಿರ ಅವನೇ ಕರೆದುಕೊಂಡು ಹೋಗಿ, ನನ್ನ ಮೊಣಕಾಲಿನ ಕಥೆಯನ್ನು ಇಂಗ್ಲಿಷಿನಲ್ಲಿ ಹೇಳುತ್ತಿದ್ದ. ನನ್ನ ಹೊಟ್ಟೆಯ ಮಗ ಇಷ್ಟು ಮಾಡಿರಲಿಲ್ಲ.

ನಮ್ಮನ್ನು ಹತ್ತಿರ ಮಾಡಿದ್ದು ಕೋವಿ. ಅವನಿಗೆ ಬೇಟೆಯ ಲೈಸೆನ್ಸ್ ಇತ್ತು. ಮೆಲ್ಬರ್ನ್‌ನ ಪೂರ್ವಕ್ಕಿರುವ ಬೆಟ್ಟಗಳಲ್ಲಿ ಕಡವೆಗಳಿವೆ, ನಮ್ಮ ಕಾಡಿನದೇ ಕಡವೆ, ಹಿಂದೆ ಯಾರೋ ಬಿಳಿಯರು ಹಡಗಿನಲ್ಲಿ ತಂದು ಬಿಟ್ಟದ್ದು. "ಅದೂ ನಮ್ಮ ಹಾಗೆಯೇ ಆಂಟಿ, ಇಲ್ಲೇ ಇರಲು ಪಿಆರ್ ಸಿಕ್ಕಿ ಕೂತಿದೆ" ಅನ್ನುತ್ತಿದ್ದ. ಮಾಂಸ ತಂದರೆ ಒಂದು ಪಾಲು ನನಗೆ. ನಾನು ಊರಿನಿಂದ ತಂದ ಕಾಚಂಪುಳಿಯ ಕಪ್ಪು ಹುಳಿರಸ ಹಾಕಿ ಹುರಿದು ಅರ್ಧ ವಾಪಸು ಕೊಡುತ್ತಿದ್ದೆ. ಒಮ್ಮೆ ಅವನು ಗ್ಯಾರೇಜಿನಲ್ಲಿ ಕೋವಿ ಬಿಚ್ಚಿಟ್ಟಾಗ ನಳಿಗೆಗೆ ಎಣ್ಣೆ ಜಾಸ್ತಿಯಾಯಿತು ಎಂದೆ. ತಲೆಯೆತ್ತಿ ನೋಡಿದ. ನಮ್ಮ ಮನೆಯಲ್ಲಿ ಕೋವಿ ಒರೆಸುತ್ತಿದ್ದದ್ದು ನಾನು. ಕೈಲ್‌ಪೋದು ಹಬ್ಬಕ್ಕೆ ತೆಂಗಿನಕಾಯಿಗೆ ಈಡು ಹೊಡೆದು ಗಂಡಸರ ಬಾಯಿ ಮುಚ್ಚಿಸಿದವಳೂ ನಾನೇ. ಅದನ್ನು ಹೇಳಿದ ದಿನದಿಂದ ಅವನಿಗೆ ನಾನು ದೊಡ್ಡ ಮನುಷ್ಯಳು.

ಅವನು ಕಾರಿನ ಬಿಡಿಭಾಗದ ಫ್ಯಾಕ್ಟರಿಯಲ್ಲಿ ಅಚ್ಚು ಮಾಡುವ ಕೆಲಸಗಾರ. "ಕೂದಲೆಳೆಯಷ್ಟು ತಪ್ಪಿದ್ರೂ ತಪ್ಪು ತಪ್ಪೇ" ಎನ್ನುವುದು ಅವನ ಮಾತು. ಕಾರು ಫ್ಯಾಕ್ಟರಿಗಳು ಒಂದೊಂದಾಗಿ ಮುಚ್ಚಿದಾಗ ಅವನದೂ ಮುಚ್ಚಿತು. ಕೈಯ ಆ ಉಜ್ಜಾಟ ಶುರುವಾದದ್ದೂ ಆಗಲೇ. ಆ ವರ್ಷದಿಂದ ಅವನ ಕೋವಿ ಗುರಿ ತಪ್ಪತೊಡಗಿತು.

ಕೋವಿ ತಪ್ಪುತ್ತಿದೆ ಎಂದೇ ಅವನು ಹೇಳುತ್ತಿದ್ದದ್ದು. ಗುಂಡು ಹೊಡೆದ ಕಾಗದಗಳನ್ನು ತಂದು ನನ್ನ ಅಡಿಗೆಮನೆಯ ಮೇಜಿನ ಮೇಲೆ ಹರಡಿ, ಫ್ಯಾಕ್ಟರಿಯ ಸ್ಟೀಲ್ ಅಳತೆಪಟ್ಟಿಯಿಂದ ತೂತಿನಿಂದ ತೂತಿಗೆ ಅಳೆಯುತ್ತಿದ್ದ. ಹಿಂದೆ ಐದು ತೂತನ್ನು ಒಂದು ಲೋಟ ಮುಚ್ಚುತ್ತಿತ್ತು. ಈಗ ಊಟದ ತಟ್ಟೆಯೂ ಸಾಲದು.

"ಟ್ರಿಗರ್ ಗಟ್ಟಿ ಆಂಟಿ. ಎಳೆಯುವಾಗ ಕೋವಿ ಜಗ್ಗುತ್ತದೆ."

ಟ್ರಿಗರ್ ಎಂದರೆ ನಾವು ಕುದುರೆ ಅನ್ನುವುದು. ಅಂಗಡಿಗೆ ಕೊಟ್ಟು ಹಗುರದ ಹೊಸದನ್ನು ಹಾಕಿಸಿದ. ಎರಡು ವಾರ ಖುಷಿಯಾಗಿದ್ದ. ಮತ್ತೆ ತಟ್ಟೆಯಗಲ. ಆಮೇಲೆ ದುರ್ಬೀನು ಬದಲಾಯಿಸಿದ. ಮರದ ಹಿಡಿ ತೆಗೆದು ಬೇರೆ ಹಾಕಿಸಿದ. ತೋಟಾ ಬದಲಾಯಿಸಿದ. ಅಂಗಡಿಯವನು ಕೋವಿಯನ್ನು ಮೇಜಿನ ಕಬ್ಬಿಣದ ಇಕ್ಕಳದಲ್ಲಿ ಅಲುಗದಂತೆ ಬಿಗಿದು ಹೊಡೆದು ನೋಡಿ, ಏನೂ ದೋಷವಿಲ್ಲ ಎಂದನಂತೆ. "ಅವನಿಗೆ ಎಂತ ಗೊತ್ತು ಮಾರಾಯ್ರೆ" ಎಂದು ಕುದುರೆಯನ್ನು ಇನ್ನೂ ಹಗುರ ಮಾಡಿಸಿದ. ಬೆರಳು ತಾಗುವ ಮೊದಲೇ ಈಡು ಹೋಗಿ ಎದುರಿನ ಮಣ್ಣು ಎದ್ದಿತು. ಶೂಟಿಂಗ್ ರೇಂಜಿನ ಯಜಮಾನ ಎಲ್ಲರೆದುರು ಬೈದು ಕಳಿಸಿದ. ಇವನು ಅಂಗಡಿಗೆ ಹೋಗಿ ಕುದುರೆಯನ್ನು ಮೊದಲಿನಷ್ಟಕ್ಕೆ ಬಿಗಿ ಮಾಡಿಸಿಕೊಂಡು ಬಂದ.

"ಕೈ ತೋರಿಸು ಡಾಕ್ಟರಿಗೆ" ಎಂದೆ ಒಂದು ದಿನ.

"ಕೈಗೆ ಎಂತ ಆಗಿದೆ?"

"ನನಗೆ ಕಣ್ಣಿದೆ."

ಅವನು ಆ ಕೈಯನ್ನು ಜೇಬಿಗೆ ಹಾಕಿಕೊಂಡ. "ಡಾಕ್ಟರ್ ನಡುಕದ ಕಾಯಿಲೆ ಅಂತ ಬರೆದರೆ ಕೋವಿ ಲೈಸೆನ್ಸ್ ಹೋಗ್ತದೆ, ಕಾರಿನದೂ ಹೋಗ್ತದೆ. ಕೈ ನಡುಗುವವನಿಗೆ ಯಾರು ಕೆಲಸ ಕೊಡ್ತಾರೆ? ನಮ್ಮವಳಿಗೂ ಗೊತ್ತಿಲ್ಲ. ಇದು ಕೋವಿಯದೇ ದೋಷ ಆಂಟಿ. ಆಗಿರಲೇಬೇಕು."

ಅದನ್ನು ತೋರಿಸಿಕೊಡಲೆಂದೇ ಒಂದು ಶನಿವಾರ ನನ್ನನ್ನು ರೇಂಜಿಗೆ ಕರೆದುಕೊಂಡು ಹೋದ. ಲೈಸೆನ್ಸ್ ಇಲ್ಲದವರೂ ಸಹಿ ಹಾಕಿ, ಅಲ್ಲಿಯವರು ಪಕ್ಕದಲ್ಲಿ ನಿಂತರೆ ಹೊಡೆಯಬಹುದು. "ನೀವು ಹೊಡೆದರೂ ಹೀಗೇ ಹರಡ್ತದೆ, ನೋಡಿ" ಎಂದ. ಮೊದಲು ಅವನು ಹೊಡೆದ. ಹರಡಿತು. ನಾನು ಸೆರಗು ಸಿಕ್ಕಿಸಿ ಬೆಂಚಿಗೆ ಕುಳಿತೆ. ಮೂವತ್ತು ವರ್ಷವಾಗಿತ್ತು ಕೋವಿ ಮುಟ್ಟಿ. ಕೆನ್ನೆಗೆ ಒತ್ತಿಕೊಂಡಾಗ ಎಲ್ಲವೂ ನೆನಪಿತ್ತು. ಉಸಿರು ಬಿಟ್ಟು, ನಿಲ್ಲಿಸಿ, ಮೂರು ಈಡು ಹೊಡೆದೆ.

ಮೂರೂ ಒಂದಕ್ಕೊಂದು ಅಂಟಿಕೊಂಡಿದ್ದವು. ಒಂದು ರೂಪಾಯಿ ನಾಣ್ಯ ಇಟ್ಟರೆ ಮುಚ್ಚುತ್ತಿತ್ತು.

"ಗುಡ್ ಆನ್ ಯು, ಗ್ರ್ಯಾನಿ!" ಎಂದು ಯಜಮಾನ ಬೆನ್ನು ತಟ್ಟಿದ. ಪಕ್ಕದ ಬೆಂಚಿನವರು ಚಪ್ಪಾಳೆ ಹೊಡೆದರು. ನನಗೂ ಹೆಮ್ಮೆಯಾಯಿತು, ಸುಳ್ಳು ಯಾಕೆ ಹೇಳಲಿ. ಆಮೇಲೆ ತಿರುಗಿ ಅವನ ಮುಖ ನೋಡಿದೆ. ತಪ್ಪಿಸಿ ಹೊಡೆಯಬಹುದಿತ್ತು. ಹೊಳೆಯಲೇ ಇಲ್ಲ. ಕೋವಿ ಕೈಗೆ ಬಂದರೆ ಸರಿಯಾಗಿ ಹೊಡೆಯಬೇಕು ಎಂದಷ್ಟೇ ನನಗೆ ಗೊತ್ತಿದ್ದದ್ದು.

ಅವನು ಆ ಕಾಗದವನ್ನು ಅಳೆಯಲಿಲ್ಲ. ಮಡಚಿ ಕಸದ ಡಬ್ಬಿಗೆ ಹಾಕಿದ.

ಹಿಂದಿರುಗುವಾಗ, ನಮ್ಮ ಬೀದಿಗೆ ತಿರುಗುವ ಸಿಗ್ನಲ್ಲಿನಲ್ಲಿ ಕಾರು ನಿಂತಾಗ, ಮುಂದೆ ನೋಡುತ್ತಲೇ ಹೇಳಿದ: "ಇನ್ನು ಆ ಕೋವಿಗೆ ಒಂದೇ ಈಡು ಉಳಿದಿದೆ ಆಂಟಿ. ಅಷ್ಟು ಹತ್ತಿರದಿಂದ ಯಾರಿಗೂ ಗುರಿ ತಪ್ಪುವುದಿಲ್ಲ."

"ಹುಚ್ಚು ಮಾತಾಡಬೇಡ."

"ನಮ್ಮವಳಿಗೆ ಹೇಳುವುದಿಲ್ಲ ಅಂತ ಮಾತು ಕೊಡಿ."

ಕೊಟ್ಟೆ. ಕೊಡುವಾಗಲೇ ಅದು ಸುಳ್ಳೆಂದು ನನಗೆ ಗೊತ್ತಿತ್ತು.

ಅವನು ಇನ್ನೂ ಐದು ವರ್ಷ ಬದುಕಿದ ಎಂದು ಇಲ್ಲೇ ಹೇಳಿಬಿಡುತ್ತೇನೆ. ಅದರಲ್ಲಿ ಮೊದಲ ವರ್ಷ ನನ್ನ ಜೊತೆ ಮಾತಾಡಲಿಲ್ಲ. ಬೇಲಿಯ ಹತ್ತಿರ ನಾನು ಬಂದರೆ ಒಳಗೆ ಹೋಗುತ್ತಿದ್ದ. ಆಮೇಲೆ ಕೈಯಲ್ಲಿ ಚಮಚ ನಿಲ್ಲದಂತಾಯಿತು, ಹೆಂಡತಿ ಕೆಲಸಕ್ಕೆ ಹೋದ ಹೊತ್ತು ಗಂಜಿ ಕುಡಿಸುವವರು ಬೇಕಾಯಿತು. ನಾನು ಹೋದೆ. ಬಾಯಿ ತೆರೆದ. ಕ್ಷಮಿಸಿದೆ ಎಂದು ಅವನು ಹೇಳಲಿಲ್ಲ, ನಾನೂ ಕೇಳಲಿಲ್ಲ. ಸತ್ತದ್ದು ಕಫ ಕಟ್ಟಿ, ಆಸ್ಪತ್ರೆಯ ಹಾಸಿಗೆಯಲ್ಲಿ, ಹೆಂಡತಿ ಕೈ ಹಿಡಿದುಕೊಂಡಿದ್ದಾಗ. ಒಳ್ಳೆಯ ಸಾವಲ್ಲ, ತುಂಬಾ ನರಳಿದ. ನಾನು ಮಾಡಿದ್ದು ಸರಿಯೋ ಎಂದು ಒಮ್ಮೊಮ್ಮೆ ಯೋಚನೆ ಬರುತ್ತದೆ. ಬಂದರೆ ಎದ್ದು ಪಾತ್ರೆ ತೊಳೆಯುತ್ತೇನೆ.

ರೇಂಜಿಗೆ ಹೋಗಿಬಂದ ಮರುದಿನ ಭಾನುವಾರ. ಬೆಳಿಗ್ಗೆ ಆರಕ್ಕೆ ಅವನ ಹೆಂಡತಿ ಇಗರ್ಜಿಗೆ ಹೊರಟು ಬಾಗಿಲು ತೆರೆದಾಗ ನಾನು ಮೆಟ್ಟಿಲ ಮೇಲೆ ನಿಂತಿದ್ದೆ. ಕೈಯ ವಿಷಯ ಹೇಳಿದೆ. ಸಿಗ್ನಲ್ಲಿನಲ್ಲಿ ಅವನಾಡಿದ ಮಾತನ್ನೂ ಹೇಳಿದೆ.  "ಅಳುವುದು ಆಮೇಲೆ, ಬಂದು ಕೋವಿ ಒಯ್ಯಲಿ ಅಂತ ಅಂಗಡಿಯವನಿಗೆ ಫೋನ್ ಮಾಡು, ಅವನು ಎತ್ತದಿದ್ದರೆ ಪೊಲೀಸಿಗೆ" ಎಂದು ಅವಳನ್ನು ಒಳಗೆ ಕಳಿಸಿದೆ. ಪ್ಲಾಸ್ಟಿಕ್ ಕುರ್ಚಿಯೊಂದನ್ನು ಎಳೆದುಕೊಂಡು ಗ್ಯಾರೇಜಿಗೆ ಹೋಗಿ, ಕೋವಿಯಿದ್ದ ಸ್ಟೀಲ್ ಕಪಾಟಿನ ಬಾಗಿಲಿಗೆ ಬೆನ್ನು ಕೊಟ್ಟು ಕುಳಿತೆ. ಸದ್ದಿಗೆ ಎದ್ದು ಬಂದ ಅವನು ಬನಿಯನ್ನಿನಲ್ಲಿದ್ದ. ಕೀಲಿ ಅವನ ಕೈಯಲ್ಲೇ ಇತ್ತು.

"ಏಳಿ ಆಂಟಿ."

"ಏಳುವುದಿಲ್ಲ."

"ಇದು ನನ್ನ ಮನೆ. ನೀವು ಯಾರು?"

"ಯಾರೂ ಅಲ್ಲ" ಎಂದೆ. ಕಾಲು ಚಾಚಿ ಕುಳಿತೆ.