ಬಸ್ಸೋ, ಮನಿಯೋ

ಮಾನ್ವಿಯ ಔಷಧಿ ಅಂಗಡಿಯಲ್ಲಿ ಮೊನ್ನೆ ಹುಡುಗನ ಕೈಜಾರಿ ಒಂದು ಬಾಟಲಿ ಬಿತ್ತು. ಮುಚ್ಚಳ ಬಿಚ್ಚಿಕೊಂಡು ಗುಲಾಬಿ ಬಣ್ಣದ ಔಷಧಿ ನೆಲದ ತುಂಬ ಹರಿಯಿತು. ಹೊಟ್ಟೆ ಉರಿಗೆ ಕುಡಿಯುವಂಥದ್ದು. ಪುದೀನಾ ವಾಸನೆ ಮೂಗಿಗೆ ಬಡಿಯಿತು. ನನ್ನ ಮಟ್ಟಿಗೆ ಅದು ಔಷಧಿಯ ವಾಸನೆಯೇ ಅಲ್ಲ. ಒಬ್ಬ ಮನುಷ್ಯನ ಬಾಯಿಯ ವಾಸನೆ...

ದೇವದುರ್ಗದಲ್ಲಿ ನಮ್ಮ ಓಣಿ ಶುರುವಾಗುವಲ್ಲೇ ಅವನ ಕಿರಾಣಿ ಅಂಗಡಿ ಇತ್ತು. ಊರಿಗೆಲ್ಲ ಅವನು ಕಾಕಾ. ದಿನವಿಡೀ ನಿಂತು ನಿಂತು ಮೊಣಕಾಲು ಹಿಡಿದುಹೋಗಿದ್ದವು. ಡಬ್ಬಿಯಿಂದ ನೋವಿನ ಗುಳಿಗೆ ತೆಗೆದು ಪುಟಾಣಿ ಕಾಳಿನಂತೆ ಬಾಯಿಗೆಸೆದುಕೊಳ್ಳುವುದು, ಹಿಂದೆಯೇ ಆ ಗುಲಾಬಿ ಔಷಧಿ ಒಂದು ಗುಟುಕು ಕುಡಿಯುವುದು. ಹತ್ತಿ ಬಿಡಿಸಿ ಸೊಂಟ ಹಿಡಿದುಕೊಂಡು ಬಂದ ಹೆಂಗಸರಿಗೂ ಅದೇ ಗುಳಿಗೆ, ಅದು ಹೊಟ್ಟೆ ಸುಟ್ಟರೆ ಅದೇ ಗುಟುಕು. ಉರಿಯನ್ನೂ ಅವನೇ ಮಾರುತ್ತಿದ್ದ, ಅದನ್ನು ಆರಿಸುವುದನ್ನೂ ಅವನೇ ಮಾರುತ್ತಿದ್ದ.

ಅವನಿಗೆ ಹೆಸರು ಬಂದದ್ದು ಮಾತ್ರ ಬೇರೆ ಕಾರಣಕ್ಕೆ. ಯಾರಿಗಾದರೂ ಜೋರು ಕಾಯಿಲೆಯಾದರೆ ರಾಯಚೂರಿಗೆ ಒಯ್ಯುವ ಮುಂಚೆ ಅವನ ಅಂಗಡಿಯ ಮುಂದೆ ಆಟೋ ನಿಲ್ಲಿಸುವುದು ವಾಡಿಕೆಯಾಗಿತ್ತು. ಕಾಕಾ ಇಳಿದು ಬರುತ್ತಿದ್ದ. ಕೆಳರೆಪ್ಪೆ ಜಗ್ಗಿ ನೋಡುತ್ತಿದ್ದ. ಹೆಬ್ಬೆರಳಿನ ಉಗುರು ಒತ್ತಿ ಬಿಟ್ಟು, ಕೆಂಪು ಎಷ್ಟು ಬೇಗ ವಾಪಸ್ ಬರುತ್ತದೆಂದು ನೋಡುತ್ತಿದ್ದ. ಹೊರಕಡೆ ಹೇಗೆ ಹೋಗುತ್ತಿದೆ ಎಂದು ಕೇಳುತ್ತಿದ್ದ. ಆಮೇಲೆ ಒಂದೇ ಒಂದು ಮಾತು. ಉಳಿಯುವವನಾದರೆ ‘ಬಸ್ಸು’, ಅಂದರೆ ರಾಯಚೂರಿಗೆ ಒಯ್ಯಿರಿ. ಇಲ್ಲದಿದ್ದರೆ ‘ಮನಿ’.

“ಯವ್ವಾ, ಈತಗ ದವಾಖಾನಿ ಯಾಕ? ಗೋದಿ ಹುಗ್ಗಿ ಮಾಡಿ ಉಣಸ್ರಿ. ಹೊಟ್ಟಿ ತುಂಬಿ ಹೋಗ್ಲಿ,” ಅನ್ನುತ್ತಿದ್ದ. ಜನ ನಗುತ್ತಿದ್ದರು. ಆಟೋದಲ್ಲಿ ಕೂತ ಮನೆಯವರೂ ನಗುತ್ತಿದ್ದರು, ಅದೇ ನನಗೆ ಇನ್ನೂ ಅರ್ಥವಾಗಿಲ್ಲ. ಆಟೋ ತಿರುಗುತ್ತಿತ್ತು. ಅವನು ‘ಮನಿ’ ಅಂದವರು ಸಾಯುತ್ತಿದ್ದರು, ಒಬ್ಬರೂ ತಪ್ಪದೆ.

ನಾನು ರಾಯಚೂರಿನ ಕಾಲೇಜಿಗೆ ಸೇರಿ, ಚರ್ಚಾ ಸ್ಪರ್ಧೆಯಲ್ಲಿ ಮೊದಲ ಸಲ ಕಪ್ಪು ಗೆದ್ದು ಬಂದಿದ್ದೆ. ವಾದಕ್ಕೆ ನಾಲಿಗೆ ತುರಿಸುತ್ತಿತ್ತು. ಸೀದಾ ಅಂಗಡಿಗೆ ಹೋದೆ.

“ಕಾಕಾ, ನೀ ಮನಿ ಅಂದವರೊಳಗ ಒಬ್ಬರನ್ನಾರ ಬಸ್ಸು ಹತ್ತಿಸಿ ನೋಡ್ಯಾರೇನು?”

“ಯಾಕ ಹತ್ತಿಸ್ಬೇಕು?”

“ಹತ್ತಿಸಿದ್ರ ಉಳೀತಿದ್ರೋ ಏನೋ. ಸಾಯ್ತಾರಂತ ನೀ ಹೇಳಾಕತ್ತಿಲ್ಲ. ನೀ ಹೇಳಿದಿ ಅಂತ ಅವರು ಸಾಯಾಕತ್ತಾರ.”

ಕಾಕಾ ತಲೆದೂಗಿದ. ವಾದ ಹಿಡಿಯಿತು ಅಂದುಕೊಂಡೆ. “ಖರೆ ಅದ ತಂಗಿ. ಹಂಗಾರ ಸುಡಗಾಡಿಗೆ ಹೋಗಿ ಒಂದ್ಸಲ ಕೇಳಿ ಬಾ. ಯಾರಾರ ಕೈ ಎತ್ತಿದ್ರ ನನಗ ಹೇಳು.”

ಅಂಗಡಿ ಮುಂದಿದ್ದವರೆಲ್ಲ ಬಿದ್ದು ಬಿದ್ದು ನಕ್ಕರು. ಸ್ಪರ್ಧೆಯಲ್ಲಾದರೆ ತೀರ್ಪುಗಾರರು ಅಂತ ಮೂವರು ಕುರ್ಚಿ ಹಾಕಿಕೊಂಡು ಕೂತಿರುತ್ತಾರೆ. ಓಣಿಯಲ್ಲಿ ನಗುವವರೇ ತೀರ್ಪುಗಾರರು. ಸೋತು ಮನೆಗೆ ಬಂದೆ.

ಮುಂದಿನ ಹತ್ತಿ ಸುಗ್ಗಿಯಲ್ಲಿ ದೊಡ್ಡವ್ವ ನಳದ ಹತ್ತಿರ ಕೊಡ ಇಟ್ಟವಳು ಅಲ್ಲೇ ಕುಸಿದಳು. ನನ್ನವ್ವ ಹೋದಮೇಲೆ ನನ್ನನ್ನು ಸಾಕಿದವಳು ಅವಳು. ಸೊಂಟನೋವಿಗೆ ಕಾಕಾನ ಗುಳಿಗೆ ನುಂಗಿ ನುಂಗಿ ಹೊಟ್ಟೆಯೊಳಗೆ ಹುಣ್ಣಾಗಿ, ಅದು ರಕ್ತ ಸುರಿಸುತ್ತಿತ್ತು ಅಂತ ನಮಗೆ ಆಗ ಗೊತ್ತಿರಲಿಲ್ಲ. ಅವಳ ಮಗ, ನನ್ನಣ್ಣ, ಅವಳನ್ನು ಆಟೋದಲ್ಲಿ ಹಾಕಿದ. ಆಟೋ ತಾನಾಗಿಯೇ ಅಂಗಡಿ ಮುಂದೆ ನಿಂತಿತು.

ಕಾಕಾ ರೆಪ್ಪೆ ಜಗ್ಗಿದ. ತೊಳೆದ ಬಟ್ಟೆಯ ಬಿಳುಪು. ಉಗುರು ಒತ್ತಿದ. ಕೆಂಪು ಬರಲೇ ಇಲ್ಲ.

“ಕರ್ರಗ ಹೋಗಾಕತ್ತದೇನು? ಡಾಂಬರದಂಗ?”

ನಾಚಿಕೆಗೆ ಯಾರಿಗೂ ಹೇಳದಿದ್ದ ದೊಡ್ಡವ್ವ ಹೂಂ ಅಂದಳು. ಕಾಕಾ ಆಟೋದ ತಲೆ ಮೇಲೆ ಒಂದೇಟು ಬಡಿದ. “ಮನಿ.”

ಅಣ್ಣ ಆಟೋ ತಿರುಗಿಸು ಅಂದ. ನಾನು ಅಡ್ಡ ನಿಂತೆ. ಕಲಿತದ್ದನ್ನೆಲ್ಲ ಅಲ್ಲಿ ಸುರಿದೆ, ಪುರಾವೆ, ಕಾರಣ, ಪರಿಣಾಮ... ಅಣ್ಣ ನನ್ನ ರಟ್ಟೆ ಹಿಡಿದು ಪಕ್ಕಕ್ಕೆಳೆದ. ವಾದ ಮುಗಿಸಿದ್ದು ದೊಡ್ಡವ್ವ.

“ನನ್ನ ಹೆಣದ ಮ್ಯಾಲ ಪಂಚಾಯ್ತಿ ನಾಳಿ ಮಾಡ್ರಿ. ಈಗ ಗಾಡಿ ಹೊಡಿ ಲೇ! ಸಾಯೋದಾದ್ರ ದವಾಖಾನ್ಯಾಗ ಫ್ಯಾನಿನ ಕೆಳಗ ಸಾಯ್ತೀನಿ.”

ರಾಯಚೂರಿನಲ್ಲಿ ಡ್ಯೂಟಿ ಮೇಲಿದ್ದ ಡಾಕ್ಟರಮ್ಮ ಮೊದಲು ಮಾಡಿದ್ದೇನು ಗೊತ್ತೆ? ಕೆಳರೆಪ್ಪೆ ಜಗ್ಗಿದರು. ಉಗುರು ಒತ್ತಿದರು. ಕರ್ರಗೆ ಹೋಗುತ್ತಿದೆಯೇ ಎಂದು ಕೇಳಿದರು. ಆಮೇಲೆ ನಾಡಿ, ಬಿಪಿ, ವಯಸ್ಸು, ಎಚ್ಚರ ತಪ್ಪಿತ್ತೇ, ಹೃದಯದ್ದೋ ಕಿಡ್ನಿಯದ್ದೋ ಕಾಯಿಲೆ ಇದೆಯೇ... ಒಂದೊಂದಕ್ಕೂ ಇಷ್ಟಿಷ್ಟು ಅಂತ ಅಂಕ ಕೂಡಿಸುತ್ತ ಪಕ್ಕದ ನರ್ಸಿಗೆ ಹೇಳಿದರು. ಕಡೆಗೆ ನಮ್ಮ ಕಡೆ ತಿರುಗಿ, “ಜೀವಕ್ಕ ಅಪಾಯ ಭಾಳ ಅದ,” ಅಂದರು.

ಅಣ್ಣ ಕೈಮುಗಿದ. “ಹಂಗಾರ ಮನಿಗೆ ಒಯ್ಯೂಣೇನ್ರೀ?”

ಡಾಕ್ಟರಮ್ಮ ಅವನನ್ನೇ ನೋಡಿದರು. “ಏನ್ ಮಾತಾಡ್ತೀಯಪ್ಪಾ? ಅಪಾಯ ಭಾಳ ಅದ ಅಂದೆ. ಅದಕ್ಕ ಎಲ್ಲರಿಗಿಂತ ಮೊದಲು ಇವರು ಒಳಗ. ಉಳಿದವರು ಕಾಯ್ತಾರ.”

ಕಾಕಾ ನೋಡುತ್ತಿದ್ದ ಗುರುತುಗಳಲ್ಲಿ ಸುಳ್ಳಿರಲಿಲ್ಲ. ಅವೇ ಗುರುತುಗಳನ್ನು ನೋಡಿ ಇಲ್ಲಿ ಬಾಗಿಲು ತೆರೆಯುತ್ತಿದ್ದರು, ಅವನು ಮುಚ್ಚುತ್ತಿದ್ದ. ಇಷ್ಟೇ ವ್ಯತ್ಯಾಸ. ಈ ಇಷ್ಟರಲ್ಲಿ ನಮ್ಮೂರಿನ ಎಷ್ಟು ಜನ ಹುಗ್ಗಿ ಉಂಡು ಹೋದರೋ.

ರಕ್ತ ಹಾಕಿದರು. ಬಾಯಿಂದ ಕ್ಯಾಮೆರಾದ ನಳಿಗೆ ಬಿಟ್ಟು ಹುಣ್ಣಿನ ರಕ್ತ ನಿಲ್ಲಿಸಿದರು. ದೊಡ್ಡವ್ವ ವಾಪಸ್ ಬಂದವಳೇ, ಮನೆಗೆ ಹೋಗುವ ಮುಂಚೆ, ಅಂಗಡಿ ಮುಂದೆ ಆಟೋ ನಿಲ್ಲಿಸಿದಳು.

“ಏನಬೇ, ತಿರುಗಿ ಬಂದಿ? ಅಲ್ಲಿ ಜಾಗ ಇರಲಿಲ್ಲೇನು?”

“ಇತ್ತು. ನಿನಗ ಹಿಡದಿಟ್ಟು ಬಂದೀನಿ.”

ಎಲ್ಲರಿಗಿಂತ ಜೋರಾಗಿ ನಕ್ಕವನು ಕಾಕಾನೇ. ಪುದೀನಾ ವಾಸನೆ ಆಟೋದವರೆಗೂ ಬಂತು. ನಾನು ಡಾಕ್ಟರಮ್ಮ ಹೇಳಿದ್ದನ್ನು ಹೇಳಿದೆ. ಆ ಗುಳಿಗೆಯ ಸುದ್ದಿಯನ್ನೂ ಹೇಳಿದೆ, ನೀನೂ ಬಿಡು ಅಂದೆ. ಅವನು ನನ್ನೆದುರೇ ಒಂದನ್ನು ಬಾಯಿಗೆಸೆದುಕೊಂಡ. ಒಂದು ವಾರದೊಳಗೆ ಓಣಿಯಲ್ಲಿ ಹೊಸ ಸುದ್ದಿ ಹುಟ್ಟಿತ್ತು: ಕಾಕಾ ಅವತ್ತು ‘ಬಸ್ಸು’ ಅಂತಲೇ ಅಂದಿದ್ದನಂತೆ. ಅಣ್ಣನೂ ಹಾಗೇ ಹೇಳತೊಡಗಿದ! ನಾನು ಕಟ್ಟೆಯ ಮೇಲೆ ನಿಂತು, ಈ ಮನುಷ್ಯ ಬಸ್ಸು ಅಂದರೂ ಮನಿ ಅಂದರೂ ಅವನ ಮಾತಿಗೆ ಕಿಮ್ಮತ್ತಿಲ್ಲ, ಯಾರೂ ನಂಬಬೇಡಿ ಅಂತ ಕೂಗಿದೆ.

ಅದಾಗಿ ಕೆಲವು ತಿಂಗಳಿಗೆ, ನಾನು ರಜೆಗೆ ಬಂದಿದ್ದಾಗ, ಬೆಳಗಿನ ವ್ಯಾಪಾರದ ಹೊತ್ತು. ಸೋಪು ಕೇಳಿದೆ. ತೆಗೆಯಲು ಬಗ್ಗಿದ ಕಾಕಾ ಅಲ್ಲೇ ವಾಂತಿ ಮಾಡಿಕೊಂಡ. ಕಾಫಿಪುಡಿ ಕಲಸಿದಂತಿತ್ತು, ಹೊಟ್ಟೆಯೊಳಗಿನ ರಕ್ತ. ಗಲ್ಲಾಪೆಟ್ಟಿಗೆ ಹಿಡಿದು ಎದ್ದ. ಕಪಾಟಿನ ಗಾಜಿನಲ್ಲಿ ತನ್ನ ರೆಪ್ಪೆ ತಾನೇ ಜಗ್ಗಿ ನೋಡಿದ. ಯಾರೂ ಹತ್ತಿರ ಹೋಗಲಿಲ್ಲ. ತೀರ್ಪು ಬರಲೆಂದು ಕಾಯುತ್ತಿದ್ದರು, ಎಂದಿನಂತೆ.

“ಬಸ್ಸು,” ಅಂದ ಕಾಕಾ.

ಅಂಗಡಿಯಲ್ಲೇ ಕೆಲಸಕ್ಕಿದ್ದ ಅವನ ಅಕ್ಕನ ಮಗ ಕೈ ಹಿಡಿದು ಉಗುರು ಒತ್ತಿದ. ಒತ್ತಿ ಬಿಟ್ಟ. “ಮಾವ, ಸುಣ್ಣ ಆಗ್ಯದ ನೋಡು. ಇದಕ್ಕ ನೀ ಏನಂತಿದ್ದಿ?”

“ಅದು... ಅದು ಬ್ಯಾರೆಯವರಿಗೆ ಲೇ.”

ಹಿಂದೆ ಯಾರೋ ನಕ್ಕರು. ಕಾಕಾ ಬಾಯಿ ತೆರೆದರೆ ನಗುವುದು ರೂಢಿಯಾಗಿತ್ತಲ್ಲ.

ನಾನು ಮುನ್ನುಗ್ಗಿದೆ. ಒಯ್ಯಿರಿ, ಇವನೇ ಮೊದಲು ಹೋಗಬೇಕಾದವನು ಅಂದೆ. ಆ ಅಳಿಯ ಶಾಂತವಾಗಿಯೇ ಕೇಳಿದ: “ಮಾವನ ಮಾತಿಗೆ ಕಿಮ್ಮತ್ತಿಲ್ಲ, ಬಸ್ಸು ಅಂದ್ರೂ ನಂಬಬ್ಯಾಡ್ರಿ ಅಂದಾಕಿ ನೀನ ಅಲ್ಲೇನಕ್ಕಾ? ಈಗ ಬಸ್ಸು ಅಂದ್ರ ನೀ ಯಾಕ ನಂಬಾಕತ್ತಿ?”

ನನ್ನ ಹತ್ತಿರ ಉತ್ತರ ಇತ್ತು. ಒಳ್ಳೆಯ ಉತ್ತರವೇ ಇತ್ತು. ಆದರೆ ಅದಕ್ಕೆ ನಾಲ್ಕು ವಾಕ್ಯ ಬೇಕಾಗಿದ್ದವು, ಎರಡನೆಯದು ಮುಗಿಯುವುದರೊಳಗೆ ಕಾಕಾನನ್ನು ಎತ್ತಿಕೊಂಡು ಅಂಗಡಿ ಹಿಂದಿನ ಅವನ ಮನೆಗೆ ಹೊರಟಿದ್ದರು. ಆಂಬುಲೆನ್ಸಿಗೆ ಫೋನು ಮಾಡಿದೆ. ಬೇರೆ ಹಳ್ಳಿಗೆ ಹೋಗಿದೆ, ಬರುತ್ತದೆ ಅಂದರು. ಅಷ್ಟರಲ್ಲಿ ಕೊನೆಯ ಸಲ ಮುಖ ನೋಡಲು ಬಂದವರ ಬೈಕುಗಳು ಓಣಿಯ ತುಂಬ ನಿಂತವು.

ಒಳಗೆ ಯಾರೋ ಗೋಧಿ ಹುಗ್ಗಿ ಮಾಡಿದ್ದರು. ಅವನ ಮಾತೇ ಅಲ್ಲವೇ, ಹೊಟ್ಟೆ ತುಂಬಿ ಹೋಗಲಿ ಅಂತ. ಚಮಚ ಬಾಯಿಗಿಟ್ಟರೆ ತುಟಿ ಬಿಗಿಹಿಡಿದ. ಕಣ್ಣು ಬಾಗಿಲ ಮೇಲೆಯೇ ಇತ್ತು. “ಬಸ್ಸು ಬಂತೇನು?” ಅನ್ನುತ್ತಿದ್ದ.

ಹೊಲದಿಂದ ಓಡಿಬಂದ ದೊಡ್ಡವ್ವ ಅವನ ಪಕ್ಕ ಕೂತಳು. ಉಗುರು ಒತ್ತಿದಳು, ಬಿಟ್ಟಳು, ಮತ್ತೆ ಒತ್ತಿದಳು. ಒತ್ತಿ ಒತ್ತಿ ಕೆಂಪು ತರಿಸುವವಳ ಹಾಗೆ.

“ಬಂತೇನಬೇ?”

“ಬಂತು. ಹತ್ತು ನಡಿ,” ಅಂದಳು.

ಆಂಬುಲೆನ್ಸು ಓಣಿಯ ಬಾಯಿಯಲ್ಲಿ ಬೈಕುಗಳ ಹಿಂದೆ ನಿಂತು ಕೂಗುತ್ತಿತ್ತು. ಅವನಿಗೆ ಅದು ಕೇಳಿಸಿತೋ ಇಲ್ಲವೋ...

ಮಣ್ಣು ಕೊಟ್ಟು ಬರುವಾಗ ಜನ ಆಡಿಕೊಂಡದ್ದು ಇದು: ನೋಡಿದ್ರೇನು, ಕಾಕಾನ ಉಗುರಿನ ಲೆಕ್ಕ ಅವನಿಗೂ ತಪ್ಪಲಿಲ್ಲ. ಅವನು ‘ಬಸ್ಸು’ ಅಂದಿದ್ದ ಅಂತ ನಾನು ಹೇಳಿದೆ. ಯಾರಿಗೂ ನೆನಪಿರಲಿಲ್ಲ.

ಮಾನ್ವಿಯ ಹುಡುಗ ನೆಲ ಒರೆಸಿ ಬೇರೆ ಬಾಟಲಿ ಕೊಟ್ಟ. ದೊಡ್ಡವ್ವನಿಗೆ ಒಯ್ಯಬೇಕಿತ್ತು. ಅವಳು ಕಾಕಾನ ಅಂಗಡಿಯಲ್ಲಿ ಈಗ ಉಪ್ಪನ್ನೂ ಕೊಳ್ಳುವುದಿಲ್ಲ. ಬಸ್ಸು ದೇವದುರ್ಗ ಹೊಕ್ಕು ನಮ್ಮ ಓಣಿಯ ಬಾಯಿ ದಾಟುವಾಗ ಕಿಟಕಿಯಿಂದ ನೋಡಿದೆ. ಅಂಗಡಿ ಮುಂದೆ ಒಂದು ಆಟೋ ನಿಂತಿತ್ತು. ಒಳಗಿದ್ದ ಮುದುಕ ಕೈ ಹೊರಚಾಚಿದ್ದ. ಆ ಅಳಿಯ ಬಗ್ಗಿ ಉಗುರು ಒತ್ತುತ್ತಿದ್ದ.

ನಾನು “ಹೋಲ್ಡಾನ್!” ಅಂತ ಕಿರುಚಿದೆ. ಕಂಡಕ್ಟರ್ ಬೈಯುತ್ತ ಸೀಟಿ ಊದಿದ. ಬಾಟಲಿ ಹಿಡಿದುಕೊಂಡು ಓಡುವಾಗ ಅನಿಸಿತು, ಕಾಕಾ ಇದ್ದಿದ್ದರೆ ನಾನು ಹೀಗೆ ಏದುಸಿರು ಬಿಡುತ್ತ ಬರುವುದನ್ನು ನೋಡಿ ಏನಾದರೂ ಅಂದಿರುತ್ತಿದ್ದ, ನಿಂತವರೆಲ್ಲ ನಕ್ಕಿರುತ್ತಿದ್ದರು, ನಾನು ಮತ್ತೊಮ್ಮೆ ಸೋತಿರುತ್ತಿದ್ದೆ. ಅಂಗಡಿ ಮುಂದೆ ಈಗ ಯಾರೂ ನಗುತ್ತಿರಲಿಲ್ಲ. ಅಳಿಯ ಆಟೋದ ತಲೆ ಮೇಲೆ ಬಡಿಯಲು ಕೈ ಎತ್ತಿದ್ದ.