ಆರು, ಮತ್ತೊಂದು

ಪ್ರೇಮಲತಾ ಮೇಡಂ ಕೂತಲ್ಲಿ ಕೂರುವ ಹೆಂಗಸಲ್ಲ. ತುಮಕೂರಿನ ಮರಳೂರಿನಿಂದ ಗುಬ್ಬಿ ಕಡೆಯ ನಮ್ಮ ಶಾಲೆಗೆ ಇಬ್ಬರೂ ಒಂದೇ ಬಸ್ಸಿನಲ್ಲಿ ಹೋಗುತ್ತೇವೆ. ಸೀಟು ಸಿಕ್ಕರೂ ಅರ್ಧ ದಾರಿ ನಿಂತೇ ಇರುತ್ತಾರೆ. ಬ್ಯಾಗಿನಿಂದ ಮಕ್ಕಳ ನೋಟ್‌ಬುಕ್ ತೆಗೆಯುತ್ತಾರೆ, ಒಳಗಿಡುತ್ತಾರೆ, ಮತ್ತೆ ತೆಗೆಯುತ್ತಾರೆ. ವಯಸ್ಸು ಐವತ್ತೆರಡು, ಸರ್ವೀಸು ಇಪ್ಪತ್ತೆಂಟು ವರ್ಷ. ಅವರದು ಎರಡನೇ ತರಗತಿ, ನನ್ನದು ನಾಲ್ಕನೆಯದು.

ಲೆಕ್ಕ ತಪ್ಪಿದ ಮಗುವಿಗೆ ಅವರು ತಪ್ಪು ಅನ್ನುವುದಿಲ್ಲ. ಪಕ್ಕದಲ್ಲಿ ಕೂತು “ಹೆಂಗ್ ಬಂತು, ಹೇಳು” ಅನ್ನುತ್ತಾರೆ. ಮಗು ಹೇಳುವ ತನಕ ಬಾಯಿ ಬಿಡುವುದಿಲ್ಲ. ಆದರೆ ಈ ವರ್ಷ ಇಲಾಖೆಯವರು ಸಮೀಕ್ಷೆಯ ಡ್ಯೂಟಿ ಹಾಕಿ ಮನೆಮನೆ ಅಲೆಸಿದರು. ಮಕ್ಕಳ ಮಾತು ಕೇಳಲು ಪುರುಸೊತ್ತೆಲ್ಲಿ? ಸಾಲದ್ದಕ್ಕೆ ಪ್ರತಿ ವರ್ಷದಂತೆ ಲೆಕ್ಕ ಬಾರದ ಮಕ್ಕಳ ಪಟ್ಟಿ ಕೊಡಿ ಎಂದರು. ಪಟ್ಟಿಗೆ ಸೇರಿದವರು ಮೂರು ತಿಂಗಳು ಬೇರೆ ಕೋಣೆಯಲ್ಲಿ ಕೆಳಗಿನ ತರಗತಿಯ ಪಾಠ ಕಲಿಯಬೇಕು. ಊರವರು ಅದಕ್ಕೆ ದಡ್ಡರ ರೂಮು ಅಂತಲೇ ಹೆಸರಿಟ್ಟಿದ್ದಾರೆ. ಅಲ್ಲಿಗೆ ಹೋದ ಮಗು ಆಮೇಲೆ ತಲೆ ಎತ್ತಿ ಉತ್ತರ ಹೇಳಿದ್ದನ್ನು ನಾನು ಕಂಡಿಲ್ಲ. ಆದರೂ ನನ್ನ ಪಟ್ಟಿಯನ್ನು ಹಿಂದಿನ ದಿನವೇ ಕೊಟ್ಟು ಕೈ ತೊಳೆದುಕೊಂಡಿದ್ದೆ.

ಮೇಡಂ ಪಟ್ಟಿಯಲ್ಲಿ ಎಂಟು ಹೆಸರಿದ್ದವು, ಮೊದಲನೆಯದು ಪೂಜಾಳದು. ಅದನ್ನು ಕೊಡಬೇಕಾದ ದಿನ ಬಸ್ಸಿನಲ್ಲಿ ಒಂದು ಪುಟ ನನ್ನ ಮೂಗಿಗೇ ಹಿಡಿದರು.

“ನೋಡು ಹೇಮಶ್ರೀ. ಮೂರಕ್ಕೆ ನಾಲ್ಕು ಕೂಡಿದ್ರೆ ಅರವತ್ತೊಂದಂತೆ. ಹನ್ನೆರಡರಲ್ಲಿ ಐದು ಕಳೆದ್ರೂ ಅರವತ್ತೊಂದೇ. ಮಿಕ್ಕಿದ್ದೆಲ್ಲಾ ಕರೆಕ್ಟು.”

“ಬಿಡಿ ಮೇಡಂ, ಪೂಜಾ ತಾನೆ? ಕೈಗೆ ಬಂದಿದ್ದು ಬರ್ದವ್ಳೆ.”

“ಕೈಗೆ ಬಂದಿದ್ದು ಎರಡು ಸಲ ಒಂದೇ ಬರುತ್ತಾ?”



ಅವತ್ತು ಪ್ರಾರ್ಥನೆ ಮುಗಿದ ಮೇಲೆ ಮೇಡಂ ಅವಳನ್ನು ಕೇಳಿದರು. ಪೂಜಾ ತುಟಿ ಬಿಚ್ಚಲಿಲ್ಲ. ಇಂಟರ್‌ವಲ್‌ನಲ್ಲಿ ಕೇಳಿದರು, ನೆಲ ನೋಡಿದಳು. ಊಟದ ಹೊತ್ತಿಗೆ ಮೇಡಂ ಜಗುಲಿಯ ಮೇಲೆ ಅತ್ತಿಂದಿತ್ತ ನಡೆದದ್ದೇ ನಡೆದದ್ದು. ತಟ್ಟೆಯಲ್ಲಿ ಅನ್ನ ಹಾಗೇ ಆರಿತು. ನನಗೆ ರೇಗಿತು. ಒಂದು ಮಗುವಿಗೆ ಇಷ್ಟು ಒದ್ದಾಟವೇ? ಮೂರೂವರೆಗೆ ನನ್ನ ಮಕ್ಕಳನ್ನು ಆಟಕ್ಕೆ ಬಿಟ್ಟು ಅವರ ಕ್ಲಾಸಿಗೆ ಹೋದೆ. ಮೇಡಂ ನೆಲದ ಮೇಲೆ ಹುಣಸೆ ಬೀಜ ಸುರಿದಿದ್ದರು.

“ಎಣಿಸು ಪುಟ್ಟಿ. ನಾನು ಏನೂ ಕೇಳಲ್ಲ.”

ಪೂಜಾ ಒಂದೊಂದೇ ಬೀಜ ಎತ್ತಿಟ್ಟಳು. “ನಾಕು, ಐದು, ಆರು, ಮತ್ತೊಂದು, ಎಂಟು...”

“ಆರು ಆದ್ಮೇಲೆ ಏನಂದೆ?”

ಮಗು ಮೇಡಂ ಕಿವಿಯ ಹತ್ತಿರ ಬಾಯಿ ತಂದಿತು. “ಅದನ್ನ ಅನ್ಬಾರ್ದು ಮಿಸ್. ಏಳು ಅಂದ್ರೆ ರಾಶಿ ಎದ್ದೋಗ್ತದೆ. ತಾತ ರಾಗಿ ಅಳೆಯೋವಾಗ ಮತ್ತೊಂದು ಅಂತಲೇ ಅನ್ನೋದು.”

ಅದಕ್ಕೇ ಏಳು ಬರೆಯುವ ಕಡೆ ಆರು ಬರೆದು, ಮತ್ತೊಂದಕ್ಕೆ ಅಂತ ಪಕ್ಕದಲ್ಲಿ ಒಂದು ಬರೆದಿದ್ದಳು. ನಾವಿಬ್ಬರೂ ಅದನ್ನು ಅರವತ್ತೊಂದು ಅಂತ ಓದಿದ್ದೆವು.

ಮೇಡಂ ನಕ್ಕುಬಿಟ್ಟರು. ನಗುತ್ತಲೇ ಕಣ್ಣು ತುಂಬಿತು. “ಕುಣಿಗಲ್‌ನಲ್ಲಿ ನಮ್ಮಪ್ಪನೂ ಹಿಂಗೇ ಅಳೀತಿದ್ರು ಕಣೇ. ನಾನೇ ಮರ್ತಿದ್ದೆ.”

ಅಷ್ಟರಲ್ಲಿ ಹೆಡ್‌ಮಾಸ್ಟರ್ ಶಿವಮೂರ್ತಿ ಸರ್ ಬಂದರು. “ನಾಲ್ಕು ಗಂಟೆ ಆಯ್ತು ಮೇಡಂ, ಪಟ್ಟಿ ಕೊಡಿ.”

ಮೇಡಂ ಪೂಜಾ ಹೆಸರಿನ ಮೇಲೆ ಗೀಟು ಹಾಕಿದರು.

“ಒಂದು ಹೋಯ್ತಾ? ಸರಿ, ಉಳಿದೋರು ಎಷ್ಟು?”

ಮೇಡಂ ಕಾಗದ ನೋಡಿದರು. “ಆರು, ಮತ್ತೊಂದು” ಅಂದರು. ಸರ್ ತಮಾಷೆ ಅಂದುಕೊಂಡು ಕೈ ಚಾಚಿದರು. ಮೇಡಂ ಕಾಗದ ಮಡಿಸಿ ಬ್ಯಾಗಿಗೆ ಹಾಕಿಕೊಂಡರು.

“ಇವ್ರಲ್ಲಿ ಒಬ್ಬರನ್ನೂ ನಾನು ಕೇಳಿಲ್ಲ ಸರ್. ಬರೀ ಮಾರ್ಕ್ಸ್ ನೋಡಿ ಬರ್ದಿದೀನಿ. ಕೇಳದೆ ಕೊಡಲ್ಲ.”

“ಮೇಲಿನವರಿಗೆ ನಾನೇನು ಹೇಳ್ಲಿ?”

“ಪ್ರೇಮಲತಾಗೆ ಲೆಕ್ಕ ಬರಲ್ಲ ಅನ್ನಿ.”

ಪಟ್ಟಿಯ ಎರಡನೇ ಹೆಸರು ಚನ್ನೇಶನದು. ಅವನನ್ನು ಕರೆದು ಪಕ್ಕದಲ್ಲಿ ಕೂತರು. ಬಸ್ಸಿನ ಹೊತ್ತಾಯಿತು ಎಂದೆ; ನೀನು ಹೋಗು ಎಂದು ಕೈ ಮಾಡಿದರು.

ಬಸ್ಸಿನಲ್ಲಿ ಬೇಕಾದಷ್ಟು ಸೀಟಿತ್ತು. ನಾನು ನಿಂತೇ ಇದ್ದೆ. ನನ್ನ ಪಟ್ಟಿಯಲ್ಲಿ ಹನ್ನೊಂದು ಹೆಸರಿದ್ದವು, ಒಬ್ಬರನ್ನೂ ನಾನು ಏನೂ ಕೇಳಿರಲಿಲ್ಲ. ತುಮಕೂರು ಬರುವ ಮೊದಲೇ ಶಿವಮೂರ್ತಿ ಸರ್‌ಗೆ ಫೋನ್ ಮಾಡಿದೆ.

“ಸರ್, ನನ್ನ ಪಟ್ಟಿ ಕಳಿಸಿಬಿಟ್ರಾ?”