ಪರದೆಯ ಆಚೆ ಎಷ್ಟು ಡಿಗ್ರಿ

ನಲವತ್ತೆಂಟು ಮನೆಗಳ ನಮ್ಮ ಕಟ್ಟಡದಲ್ಲಿ ಅವಳನ್ನು ಎಲ್ಲರೂ ಪರದೆ ಅಕ್ಕ ಅಂತಲೇ ಕರೆಯುತ್ತಿದ್ದರು. ಮೂವತ್ತು ವರ್ಷ ಅಂಗಡಿಯೊಂದರ ಹಿಂಬದಿಯಲ್ಲಿ ಕೂತು ಕಂಡವರ ಕಿಟಕಿಗೆ ಪರದೆ ಹೊಲಿದವಳು. ತುಟಿಗಳ ನಡುವೆ ಸದಾ ಎರಡು ಗುಂಡುಸೂಜಿ. ಅವನ್ನು ತೆಗೆಯದೆಯೇ ಜಗಳವಾಡಬಲ್ಲವಳು.

ನಮ್ಮ ಕಿಟಕಿಗಳ ಚೌಕಟ್ಟು ಸೊಟ್ಟಗಾಗಿ, ಗಾಜಿನ ಅಂಚಿನಲ್ಲಿ ಗಾಳಿ ಸೀಟಿ ಹೊಡೆಯುತ್ತಿತ್ತು. ಹೋದ ಚಳಿಗಾಲದಲ್ಲಿ ಎಲ್ಲರೂ ಒಂದೇ ತಪ್ಪು ಮಾಡಿದರು. ನೆಲ ಮುಟ್ಟುವ ಪರದೆ ಇಳಿಬಿಟ್ಟರು. ಕಿಟಕಿಯ ಕೆಳಗಿದ್ದ ಹೀಟರ್ ಅದರ ಹಿಂದೆ ಸೇರಿಕೊಂಡು, ಮನೆಯವರನ್ನು ಬಿಟ್ಟು ಬೀದಿಯನ್ನು ಬೆಚ್ಚಗೆ ಮಾಡತೊಡಗಿತು. ಪರದೆ ಅಕ್ಕ ಕತ್ತರಿ ಹಿಡಿದು ಮನೆಮನೆ ಹೊಕ್ಕಳು. "ಹೀಟರ್‌ಗೆ ಲಂಗ ತೊಡಿಸಿದ್ದೀರಲ್ಲ, ಅದಕ್ಕೇನು ನಾಚಿಕೆ ಆಗುತ್ತಾ?" ಅನ್ನುತ್ತ ಪರದೆಗಳನ್ನೆಲ್ಲ ಕಿಟಕಿಯ ಕಟ್ಟೆಯ ಮಟ್ಟಕ್ಕೆ ಕತ್ತರಿಸಿ ಮಡಚಿ ಹೊಲಿದಳು. ಪರದೆಗೂ ಗೋಡೆಗೂ ನಡುವೆ ಉಳಿಯುವ ಸಂದಿಗೆ ಅವಳಿಟ್ಟ ಹೆಸರು ಕಳ್ಳಬಾಗಿಲು. ಅದನ್ನು ಅಂಟುಪಟ್ಟಿಯಿಂದ ಮುಚ್ಚದೆ ಯಾರ ಮನೆಯಿಂದಲೂ ಹೊರಡುತ್ತಿರಲಿಲ್ಲ.

ಈ ಚಳಿಗಾಲ ಅವಳ ಮಗಳು ಏಳನೇ ತಿಂಗಳಿಗೇ ಹೆತ್ತಳು. ಕೂಸು ಒಂದು ಬೊಗಸೆಯಷ್ಟಿತ್ತು. ಕೋಣೆ ತಣ್ಣಗಾಗಲು ಬಿಡಲೇಬೇಡಿ ಎಂದು ಹೇಳಿಯೇ ಡಾಕ್ಟರ್ ಮನೆಗೆ ಕಳಿಸಿದ್ದರು. ಪರದೆ ಅಕ್ಕನ ಮನೆಯ ಕಿಟಕಿಯೋ ಬಿಸಿಲು ಕಾಣದ ದಿಕ್ಕಿನದು. ಹಳೆಯ ಕಂಬಳಿಗಳನ್ನು ಒಳಗಿಟ್ಟು ಮೂರು ಪದರದ ಪರದೆ ಹೊಲಿದು, ಮೇಲಿನ ಸಂದಿಗೆ ಹಲಗೆ ಹೊದಿಸಿ, ಹಗಲಲ್ಲೂ ಎಳೆದೇ ಇಟ್ಟಳು.

ಅದೇ ಹೊತ್ತಿಗೆ, ಹೊಸ ಕಿಟಕಿಗಾಗಿ ಬಾಡಿಗೆದಾರರಾದ ನಾವು ನಡೆಸಿದ್ದ ಹೋರಾಟ ಒಂದು ದಡ ಕಂಡಿತ್ತು. ಎರಡು ವರ್ಷ ಕಟ್ಟಡದ ಮಾಲೀಕನ ಕಚೇರಿ ಮೆಟ್ಟಿಲ ಮೇಲೆ ಕೂತು ಕೂತು ಅವನ ಬಾಯಿಂದ ಒಪ್ಪಿಗೆ ಹೊರಡಿಸಿದ್ದೆವು. ಸರ್ಕಾರದ ಅಳತೆಯವನು ಒಂದು ಮನೆಗೆ ಬಂದು ನೋಡಬೇಕು. ಮಟಮಟ ಮಧ್ಯಾಹ್ನ ಹದಿನೆಂಟು ಡಿಗ್ರಿಗಿಂತ ಕಡಿಮೆ ಬಂದರೆ ಎಲ್ಲ ಮನೆಗೂ ಹೊಸ ಕಿಟಕಿ. ಬರದಿದ್ದರೆ ನಾವು ತೆಪ್ಪಗಿರಬೇಕು. ಮನೆ ಆರಿಸುವುದು ಮಾತ್ರ ಮಾಲೀಕನ ಇಷ್ಟ. ಅವನೇನು ಮಂಕನಲ್ಲ. ಕಟ್ಟಡದಲ್ಲೆಲ್ಲ ಬೆಚ್ಚಗಿದ್ದ ಪರದೆ ಅಕ್ಕನ ಮನೆಯನ್ನೇ ಆರಿಸಿದ.

ಅಂದು ಬೆಳಗ್ಗೆ ನಮ್ಮ ಸಮಿತಿಯ ಮುಖಂಡ ಅವಳ ಬಾಗಿಲಿಗೆ ಬಂದ. ನಿವೃತ್ತ ಬಸ್ ಡ್ರೈವರ್. ಅಡ್ಡಹೆಸರು ಭಾಷಣ. ಅವನ ಬೆನ್ನಿಗೆ ನಾನಿದ್ದೆ.

"ಅಕ್ಕ, ಪರದೆ ಬಿಚ್ಚಿಬಿಡು. ಒಂದೇ ಗಂಟೆ."

"ಒಂದು ಗಂಟೆ ಬಿಚ್ಚಿದ್ರೆ ಕೋಣೆ ಮತ್ತೆ ಬಿಸಿಯಾಗೋಕೆ ನಾಳೆ ಬೆಳಗಾಗುತ್ತೆ. ಅಲ್ಲೀತನಕ ಕೂಸನ್ನ ನಿನ್ನ ಭಾಷಣದಲ್ಲಿ ಸುತ್ತಿಡ್ಲಾ?"

"ಪಕ್ಕದ ಮನೇಲಿ ಮಲಗಿಸು."

"ಅಲ್ಲಿ ಚಳಿಗೆ ಬಾಯಿ ತೆರೆದ್ರೆ ಹೊಗೆ ಬರುತ್ತೆ."

"ನಲವತ್ತೆಂಟು ಮನೆ, ಅಕ್ಕ. ನಿನ್ನೊಬ್ಬಳಿಂದ ಎಲ್ಲಾ ಹಾಳಾಗುತ್ತೆ."

ಕೂಸನ್ನು ಎದೆಗೊತ್ತಿಕೊಂಡಿದ್ದ ಮಗಳು ಮೂಲೆಯಿಂದಲೇ ಅಂದಳು, "ಅಮ್ಮಾ, ಅವರ ಮಕ್ಕಳೂ ಚಳೀಲೇ ಇದಾವೆ."

ಪರದೆ ಅಕ್ಕ ಎದ್ದು ಕಿಟಕಿಯ ಹತ್ತಿರ ಹೋದಳು. ಅಂಟುಪಟ್ಟಿಯ ಅಂಚಿಗೆ ಉಗುರು ಹಾಕಿ ನಾಲ್ಕು ಬೆರಳಷ್ಟು ಬಿಡಿಸಿ, ಒಳಗೆ ಅಂಗೈ ತೂರಿಸಿದಳು. ಹಾಗೇ ನಿಂತಳು. ಆಮೇಲೆ ಪಟ್ಟಿಯನ್ನು ಮತ್ತೆ ಅಂಟಿಸಿ ಬಂದು ಕೂತಳು. ಭಾಷಣ ಹಲ್ಲು ಕಡಿದ.

ಮಧ್ಯಾಹ್ನ ಅಳತೆಯವನೂ ಮಾಲೀಕನ ಮ್ಯಾನೇಜರೂ ಬಂದರು. ಅಂಗೈಯಗಲದ ಯಂತ್ರವನ್ನು ಮೇಜಿನ ಮೇಲಿಟ್ಟರು. ಬಾಗಿಲಲ್ಲಿ ನಾವು ಹದಿನೈದು ಜನ, ಒಬ್ಬರ ಹೆಗಲ ಮೇಲೆ ಇನ್ನೊಬ್ಬರ ಗದ್ದ. ಹದಿನಾರು. ಹದಿನೇಳು. ಅಲ್ಲೇ ನಿಲ್ಲಲಿ ಎಂದು ನಾವು ಉಸಿರು ಬಿಗಿಹಿಡಿದೆವು. ಅದು ನಮ್ಮ ಮಾತು ಕೇಳಲಿಲ್ಲ.

"ಹತ್ತೊಂಬತ್ತು," ಎಂದು ಅಳತೆಯವನು ಪೆನ್ನು ತೆಗೆದ. ಮ್ಯಾನೇಜರ್ ಮೀಸೆಯೊಳಗೇ ನಕ್ಕ. ಭಾಷಣನ ಮುಖ ಇಂಗು ತಿಂದ ಮಂಗನ ಹಾಗಾಯಿತು.

ಪರದೆ ಅಕ್ಕ ಬಾಯಿಂದ ಸೂಜಿಗಳನ್ನು ತೆಗೆದಳು. ನಾನು ನೋಡಿದ ಹಾಗೆ ಅದೇ ಮೊದಲು.

"ತಡೀರಿ ಸಾರ್. ನೀವು ಅಳೆದಿದ್ದು ನನ್ನ ಹೊಲಿಗೇನ. ಬಟ್ಟೆ ನಂದು, ಕಂಬಳಿ ನಂದು. ಕಿಟಕಿ ಅವರದು. ಅವರದನ್ನೂ ಅಳೀರಿ."

ಅಂಟುಪಟ್ಟಿ ಬಿಡಿಸಿ, ಯಂತ್ರ ಹಿಡಿದಿದ್ದ ಅವನ ಕೈಯನ್ನು ಕಳ್ಳಬಾಗಿಲೊಳಗೆ ತೂರಿಸಿದಳು. ಚಳಿ ಕೋಣೆಗೆ ನುಗ್ಗದಂತೆ ಪರದೆಯನ್ನು ಅವನ ಮಣಿಕಟ್ಟಿನ ಸುತ್ತ ಒತ್ತಿ, ಪಟ್ಟಿಯನ್ನು ಅವನ ಚರ್ಮಕ್ಕೇ ಅಂಟಿಸಿದಳು. "ಅಲ್ಲಾಡಬೇಡಿ. ಒಳಗೆ ಕೂಸಿದೆ." ಸರ್ಕಾರ ಐದು ನಿಮಿಷ ಗೋಡೆಗೆ ಅಂಟಿಕೊಂಡು ನಿಂತಿತು. ಯಾರೂ ನಗಲಿಲ್ಲ.

ಕೈ ಹೊರಬಂದಾಗ ಬೆರಳು ನೀಲಿಯಾಗಿದ್ದವು. ಯಂತ್ರ ಐದು ಡಿಗ್ರಿ ತೋರಿಸುತ್ತಿತ್ತು.

"ಕಿಟಕಿ ಹತ್ರ ಎಲ್ಲಾ ಕಡೆ ತಣ್ಣಗೇ ಇರುತ್ತೆ," ಅಂದ ಮ್ಯಾನೇಜರ್. "ಕೋಣೆ ಹತ್ತೊಂಬತ್ತಿದೆ ತಾನೇ?"

"ಕೋಣೆ ಅಂದ್ರೆ ಗೋಡೆಯಿಂದ ಗೋಡೆಗೆ ಕಣಪ್ಪ. ಬಾಡಿಗೆ ಪರದೆವರೆಗೆ ಮಾತ್ರ ತಗೋತೀರಾ?"

ಅಳತೆಯವನು ಮಣಿಕಟ್ಟು ಉಜ್ಜಿಕೊಳ್ಳುತ್ತ ಮ್ಯಾನೇಜರನ್ನು ನೋಡಿದ. ಕಾಗದದಲ್ಲಿ ಅಂಕಿ ಬರೆಯಲು ಒಂದೇ ಚೌಕ ಇತ್ತು. ಅದರ ನಡುವೆಯೇ ಗೆರೆ ಎಳೆದ. ಪರದೆಯ ಈಚೆ ಹತ್ತೊಂಬತ್ತು, ಆಚೆ ಐದು. "ಕೈಗೆ ತಾಗಿದ್ದನ್ನ ಬರೆದಿದ್ದೀನಿ," ಎಂದು ಸಹಿ ಹಾಕಿದ.

ಭಾಷಣನಿಗೆ ಮಾತು ಬಂದೇಬಿಟ್ಟಿತು. "ಸಂಗಾತಿಗಳೇ," ಎಂದು ಶುರುಮಾಡಿದ.

"ಹೊರಗೆ ಹೋಗಿ ಮಾಡು," ಅಂದಳು ಪರದೆ ಅಕ್ಕ, ಪಟ್ಟಿ ಅಂಟಿಸುತ್ತ. "ಬಾಗಿಲು ಹಾಕ್ಕೊಂಡು ಹೋಗಿ ಎಲ್ಲಾರೂ. ನೀವು ನಿಂತಿದ್ದಕ್ಕೇ ಎರಡು ಡಿಗ್ರಿ ಹೋಯ್ತು."

ಸರ್ಕಾರದ ಸಹಿ ಬಿದ್ದ ಆ ಐದನ್ನು ಮಾಲೀಕನಿಂದ ಅಲ್ಲಗಳೆಯಲಾಗಲಿಲ್ಲ. ಹೊಸ ಕಿಟಕಿಗಳು ಬಂದದ್ದು ಚಳಿಯೆಲ್ಲ ಮುಗಿದು ಬೆವರು ಇಳಿಯುವಾಗ. ಅಷ್ಟು ಹೊತ್ತಿಗೆ ಕೂಸು ಗುಂಡಗಾಗಿತ್ತು. ಅವಳು ಹೊಸ ಚೌಕಟ್ಟಿನ ಸುತ್ತ ಅಂಗೈ ಆಡಿಸಿ ನೋಡಿದಳು. ಸಂದಿ ಸಿಗಲಿಲ್ಲ. ಆದರೂ ಪರದೆ ಬಿಚ್ಚಲಿಲ್ಲ. "ಕಿಟಕಿ ಅವರದು," ಅಂದಳು, "ಹೊಲಿಗೆ ನಂದು."